ಕೀಲಿ ಹಾಕಿದ ಮನೆಗಳ ಸಂದರ್ಶನ

"ಹಲೋ... ಹಾಂ, ಹಲೋ. ಯಾರ್ರೀ ಮಾತಾಡೋರು?... ಕೇಳಸವಲ್ದ್ರಿ, ಜರಾ ಜೋರಾಗಿ ಹೇಳ್ರಿ. ಯಾರು?"

ಮಲ್ಲಿಕಾ ಟ್ರಾಕ್ಟರಿನ ಟ್ರಾಲಿ ಹತ್ತಿ ನಿಂತಿದ್ದಳು. ಕಮಲಾಪುರದ ಆ ಹೊಲದಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗ ಅದೊಂದೇ. ಕೆಳಗಿಳಿದರೆ ಎದುರಿನವರ ಮಾತು ಅರ್ಧಕ್ಕೇ ನುಂಗಿಹೋಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಳು-ಸೊಪ್ಪಿನ ಭಜ್ಜಿ ತಿರುವುತ್ತಿದ್ದ ಸೌಟನ್ನು ಕೈಯಲ್ಲೇ ಹಿಡಿದು ಅವಸರದಲ್ಲಿ ಹತ್ತಿದ್ದಳು. ಕಲಬುರಗಿಯ ಕಾನೂನು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಪಾಠ ಹೇಳುವ ಮೇಡಂ ಇವಳೇ ಎಂದು ಆ ಗಳಿಗೆಯಲ್ಲಿ ಆಣೆ ಮಾಡಿ ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

"ಯಾವ ಪತ್ರಿಕೆ?... ಸುಮಂತ? ಅಯ್ಯ, ನೀನೇನೋ. ಆಫೀಸ್ ನಂಬರಿನಿಂದ ಮಾಡಿದ್ರ ಗುರ್ತ ಹ್ಯಾಂಗ ಸಿಗಬೇಕು. ನಾ ಯಾರೋ ಬ್ಯಾಂಕಿನವರು ಅಂತ ಮಾಡಿದ್ದೆ... ಹಾಂ, ಆರಾಮಿದ್ದೀನಿ. ನೀ?... ಬೆಂಗಳೂರಾಗ ಥಂಡಿ ಭಾಳ ಅದ ಏನು?... ಇಲ್ಲೂ ಅದ. ಮುಂಜಾನೆ ಕೈ ಸೆಟದು ಹೋಗಿದ್ದವು."

ಸುಮಂತ ಅವಳ ಜೊತೆ ಎಲ್‌ಎಲ್‌ಬಿ ಓದಿದವನು, ಕಲಬುರಗಿಯ ಬ್ರಹ್ಮಪುರದವನು. ಈಗ ಬೆಂಗಳೂರಿನಲ್ಲಿ ಕಾನೂನು ಸಂಶೋಧನೆಯ ಪತ್ರಿಕೆಯೊಂದಕ್ಕೆ ಸಹಸಂಪಾದಕ. ಆ ಪತ್ರಿಕೆಗೆ ಬಂದ ಲೇಖನವನ್ನು ಅಚ್ಚು ಹಾಕುವ ಮೊದಲು ಆ ವಿಷಯ ಬಲ್ಲ ಇನ್ನೊಬ್ಬ ಅಧ್ಯಾಪಕರಿಗೆ ಕಳಿಸಿ, ಇದು ಗಟ್ಟಿಯೋ ಜೊಳ್ಳೋ ಎಂದು ಕೇಳುವ ಪದ್ಧತಿ ಉಂಟು. ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಅಂಥದೊಂದು ಲೇಖನವನ್ನು ಅವನು ಮಲ್ಲಿಕಾಳಿಗೆ ಕಳಿಸಿದ್ದ. ಅವಳು ಎರಡು ಸುತ್ತು ಓದಿ, ಪ್ರಕಟಣೆಗೆ ಯೋಗ್ಯವಲ್ಲ ಎಂದು ವರದಿ ಬರೆದು ಕಳಿಸಿ ಹದಿನೈದು ದಿನವಾಗಿತ್ತು.

"ಕೊರಿಯರ್?... ವಾಪಸ್ ಹೋತು ಅಲ್ಲಾ? ನನಗೂ ಗೊತ್ತಾತು. ಮುಂಜಾನೆ ಕೊರಿಯರ್ ಹುಡುಗ ವಕಾರ್ ಫೋನ್ ಮಾಡಿದ್ದ. ಕಲಬುರಗಿ ಖೂಬಾ ಪ್ಲಾಟಿನ ನಮ್ಮ ಮನಿ ಮುಂದ ನಿಂತು ಬೆಲ್ ಹೊಡದು ಹೊಡದು ಸಾಕಾಗಿ, ಮೇಡಂ, ಪೂರಾ ಗಲ್ಲಿನೇ ಖಾಲಿ ಅದ, ಕವರ್ ಯಾರ ಕೈಯಾಗ ಕೊಡ್ಲಿ ಅಂದ... ಬಾಜೂ ಮನ್ಯಾಗ ಹ್ಯಾಂಗ ಕೊಡತಾನ? ಬಾಜೂ ಮನೀನೂ ಕೀಲಿ, ಅದರ ಬಾಜೂನೂ ಕೀಲಿ... ಯಾಕಂದ್ರ ಏನಪಾ? ಇವತ್ತ ಎಳ್ಳ ಅಮಾಸಿ. ಬೆಂಗಳೂರು ನೀರು ಕುಡದು ಅದನ್ನೂ ಮರತೇನು?"

ಎಳ್ಳ ಅಮಾವಾಸ್ಯೆಯೆಂದರೆ ಆ ಸೀಮೆಯಲ್ಲಿ ಮನೆಗೆ ಕೀಲಿ ಹಾಕುವ ಹಬ್ಬ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. ಮಾಡಿದ ಅಡುಗೆಯನ್ನು ಬೆಳೆಗೆ ನೈವೇದ್ಯವಾಗಿ ಎರಚುವ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಹೊತ್ತು ಮುಳುಗುವಾಗ ಮನೆ ಸೇರುವುದು. ಕಲಬುರಗಿಯಲ್ಲಿ ಕಪನೂರದ ಕಾರ್ಖಾನೆಗಳ ಶಟರು ಇಳಿದಿರುತ್ತವೆ, ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಸವಾಲು ಕೂಗುವವರೂ ಅಂದು ಯಾವುದೋ ತೊಗರಿ ಹೊಲದಲ್ಲೇ ಕೂತಿರುತ್ತಾರೆ. ಮನೆಯಲ್ಲಿ ಉಳಿಯುವುದು ಹಾಸಿಗೆ ಹಿಡಿದವರು, ಇಲ್ಲವೇ ಬೆಕ್ಕು.

"ಇರಲಿ, ಕವರಿನಾಗ ಏನಿತ್ತು ಅದು ಹೇಳು... ಸಹಿ? ಯಾವ ಸಹಿ? ವರದಿ ಕೊಟ್ಟು ಪಂದ್ರಾ ದಿನ ಆತಲ್ಲೋ... ಹೊಸಾ ಫಾರ್ಮ್ ಯಾಕ?... ಹಾಂ. 'ಸಣ್ಣ ತಿದ್ದುಪಡಿಯೊಂದಿಗೆ ಪ್ರಕಟಿಸಬಹುದು.' ಹಾಂ... ಅದರ ಮುಂದ ಟಿಕ್ ಯಾರು ಮಾಡ್ಯಾರ?... ಅಂದ್ರ ಟಿಕ್ ನೀವೇ ಮಾಡೀರಿ. ನಂದು ಬರೇ ಸಹಿ."

ಮಲ್ಲಿಕಾಳಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಮೊದಲೇ ಬರೆದಿಟ್ಟ ಕಾಗದವನ್ನು ಮುಂದೆ ಚಾಚಿ ಇಲ್ಲೊಂದು ಸಹಿ ಹಾಕಿ ಎನ್ನುವ ರೀತಿ ಅವಳಿಗೆ ಹೊಸದಲ್ಲ. ಆ ಲೇಖನದ ವಿಷಯವೇ ಅದು. ತವರಿನ ಆಸ್ತಿಯಲ್ಲಿ ತಮಗೆ ಬರುವ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಹೆಣ್ಣುಮಕ್ಕಳು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರ. ಕಮಲಾಪುರ ತಾಲ್ಲೂಕಿನ ಅಂಥ ಅರವತ್ತನಾಲ್ಕು ಮಹಿಳೆಯರನ್ನು ಒಂದೇ ದಿನ ಅವರವರ ಮನೆಯಲ್ಲಿ ಕಂಡು ಮಾತಾಡಿಸಿದ್ದೇವೆ, ಎಲ್ಲರೂ ಸ್ವಂತ ಮನಸ್ಸಿನಿಂದ ಬಿಟ್ಟುಕೊಟ್ಟಿದ್ದಾರೆ, ಆದ್ದರಿಂದ ಇಂಥ ಪತ್ರಗಳನ್ನು ಕೋರ್ಟುಗಳು ಅನುಮಾನದಿಂದ ನೋಡುವ ಅಗತ್ಯವೇ ಇಲ್ಲ ಎಂಬುದು ಅದರ ಸಾರ. ಓದಲು ಬಲು ಸೊಗಸು.

"ಚೊಲೊ ಇಲ್ಲ ಅಂತ ನಾ ಎಲ್ಲಿ ಅಂದೀನಿ? ಭಾಷಾಕ್ಕ ಐದಕ್ಕ ಐದು ಕೊಟ್ಟೀನಿ, ನೋಡಿಲ್ಲೇನು?... ಅಡಿಟಿಪ್ಪಣಿ ನೂರಾ ಹನ್ನೆರಡು ಅವ. ಒಂದೊಂದೂ ತಗದು ತಾಳಿ ಹಚ್ಚಿ ನೋಡೀನಿ, ಬರೋಬ್ಬರಿ ಅವ. ಅದಕ್ಕೂ ಐದು. ತೀರ್ಪುಗಳ ವಿಶ್ಲೇಷಣಾಕ್ಕ ನಾಕು... ಹಾಂ, ಒಟ್ಟು ಕೂಡಿಸಿದ್ರ ಪಾಸ್ ಆಗ್ತದ, ನನಗೂ ಲೆಕ್ಕ ಬರ್ತದ. ಆದ್ರ ಸುಮಂತ, ನಿಮ್ಮ ಫಾರ್ಮಿನಾಗ ಆರು ಕಲಂ ಅವ. ಭಾಷಾ, ಹೊಸತನ, ಟಿಪ್ಪಣಿ, ಮತ್ತೇನೇನೋ. ಇದು ಖರೆ ಅದ ಏನು ಅಂತ ಕೇಳೋ ಕಲಂ ಒಂದೂ ಇಲ್ಲ. ಅದಕ್ಕ ನಾ ಪುಟ ಹೊಳ್ಳಿಸಿ ಹಿಂದ ಬರದೀನಿ. ಹಿಂದಿನ ಪುಟ ಓದ್ಯಾರೇನು ನಿಮ್ಮ ಪ್ರಧಾನ ಸಂಪಾದಕರು?"

...

"ತಾರೀಖು ಟೈಪಿಂಗ್ ತಪ್ಪು ಅಂತಾರಾ? ನಾಕು ಕಡಿ ತಪ್ಪು ಆಗ್ತದೇನು? ಹೋದ ವರ್ಷ ಡಿಸೆಂಬರ್ ಮೂವತ್ತು, ಸೋಮವಾರ, ಹೋದ ವರ್ಷದ ಎಳ್ಳ ಅಮಾಸಿ. ವಾರ ಸೈತ ಬರದಾರ... ತಡಿ, ನನ್ನ ಮಾತು ಪೂರಾ ಕೇಳು. ಮೊದಲ ಸಲ ಓದಿದಾಗ ನಾ ಏನು ಬರದಿದ್ದೆ? ಸಿಟ್ಟಿಲೆ ಬರದಿಲ್ಲ. ಈ ದಿನ ಸಂದರ್ಶನ ನಡೆಸಿದ್ದು ಹೇಗೆಂದು ದಯವಿಟ್ಟು ವಿವರಿಸಿ ಅಂತ ಮರ್ಯಾದಿಲೆ ಕೇಳಿದ್ದೆ. ತಾರೀಖು ತಪ್ಪಿದ್ರ ತಿದ್ದಲಿ ಅಂತ ಬಾಗಲ ತೆರದೇ ಇಟ್ಟಿದ್ದೆ. ಜವಾಬು ಏನು ಬಂತು ಗೊತ್ತದ ಇಲ್ಲೋ?... ಹೇಳ್ತೀನಿ, ನನಗ ಬಾಯಿಪಾಠ ಆಗ್ಯಾದ. 'ಅಂದು ಸ್ಥಳೀಯ ರಜೆ ಇದ್ದುದರಿಂದ ಮಹಿಳೆಯರೆಲ್ಲ ಬಿಡುವಾಗಿ ಮನೆಯಲ್ಲೇ ದೊರೆತರು.'"

...

"ನಗಬ್ಯಾಡ. ನಗೋ ಮಾತಲ್ಲ ಇದು."

ಆದರೂ ಅವಳಿಗೇ ನಗು ತಡೆಯಲಾಗಲಿಲ್ಲ. ಆ ಸಾಲನ್ನು ಮೊದಲ ಸಲ ಓದಿದಾಗ ಖೂಬಾ ಪ್ಲಾಟಿನ ಮನೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಿದ್ದಳು. ಬರೆದವರು ಯಾರೋ, ಪುಣ್ಯಾತ್ಮರು, ಕ್ಯಾಲೆಂಡರಿನಲ್ಲಿ ರಜೆ ಕಂಡಿದ್ದಾರೆ. ರಜೆಯೆಂದರೆ ಜನ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಾರೆ ಎಂದು ತಿಳಿದಿದ್ದಾರೆ. ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದರು. ವಿವರಣೆ ಕೊಡಲು ಹೋಗಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಾಡಿಕೊಂಡಿದ್ದರು.

"ಹೌದಪಾ, ಅರವತ್ನಾಕು ಮಂದಿ. ಒಬ್ಬೊಬ್ಬರ ಜೋಡಿ ನಲವತ್ತು ನಿಮಿಷ, ಅಡಗಿ ಮನ್ಯಾಗ ಕುಂತು ಅಂತ ಬ್ಯಾರೆ ಬರದಾರ. ಇವತ್ತ ನಿಂದು ಒಂದು ಕವರ್ ತಗೊಳ್ಳಾಕ ಪೂರಾ ಗಲ್ಲ್ಯಾಗ ಒಬ್ಬರು ಸಿಗಲಿಲ್ಲ ವಕಾರಗ. ಇವರಿಗೆ ಅರವತ್ನಾಕು ಮಂದಿ ಒಲಿ ಮುಂದ ಸಿಕ್ಕಾರ. ಅಂಗೈ ಹುಣ್ಣಿಗಿ ಕನ್ನಡಿ ಯಾಕೋ?... ಸಂದರ್ಶನದ ಹಾಳಿ ಕಳಸ್ರಿ ಅಂತ ಕೇಳಿದ್ರ ಗೋಪ್ಯ ಅಂತಾರ. ಹೆಸರು ಮುಚ್ಚಿ ಒಂದು ನಾಕು ಕಳಸ್ರಿ ಅಂದೆ. ಅದಕ್ಕೂ ಜವಾಬಿಲ್ಲ."

...

"ಮತ್ತ ನೀ ಸುಮಂತ, ನೀ ಬ್ಯಾರೆ ಊರಾಂವ ಅಲ್ಲ. ಫೈನಲ್ ಇಯರದಾಗ ಈ ಹೊಲಕ್ಕೇ ಬಂದಿದ್ದಿ ಎಳ್ಳ ಅಮಾಸಿಗಿ. ಇದೇ ಬನ್ನಿ ಗಿಡದ ಕೆಳಗ ಕುಂತು ಎರಡ ಸಲ ಅಂಬಲಿ ಬೇಡಿ ಕುಡದಿ. ನೆನಪದ ಇಲ್ಲೋ?... ನೆನಪದ. ಹಂಗಾರ ಆ ತಾರೀಖು ನಿನ್ನ ಕಣ್ಣಿಗಿ ಹ್ಯಾಂಗ ಬೀಳಲಿಲ್ಲ?"

ಸಿಗ್ನಲ್ ಹೋಯಿತೇ ಎಂದು ಮಲ್ಲಿಕಾ ಫೋನು ಕಿವಿಯಿಂದ ತೆಗೆದು ನೋಡಿದಳು. ಎರಡು ಕಡ್ಡಿ ಇದ್ದವು.

"ಹಲೋ... ಇದ್ದಿ ಏನು?... ಏನಂದಿ? ಇನ್ನೊಮ್ಮೆ ಅನ್ನು... ಬಿದ್ದಿತ್ತು. ಹಾಂ. ಮೊದಲೇ ಕಣ್ಣಿಗಿ ಬಿದ್ದಿತ್ತು. ಮತ್ತ?... ಅದಕ್ಕೇ ನನಗ ಕಳಿಸಿದಿ. ಕಮಲಾಪುರದಾಕಿ, ಹಿಡದೇ ಹಿಡೀತಾಳ ಅಂತ... ಎಷ್ಟ ಶಾಣ್ಯಾ ಇದ್ದಿ ನೀ. ನನ್ನ ಹೆಗಲ ಮ್ಯಾಲ ಬಂದೂಕ ಇಟ್ಟಿ. ಈಗ ಸಪ್ಪಳ ಆದ ಕೂಡ್ಲೆ ಬಂದೂಕ ನನ್ನ ಹೆಗಲ ಮ್ಯಾಲೇ ಬಿಟ್ಟು ಓಡಾಕತ್ತಿ. ಹೌದಿಲ್ಲೋ?"

...

"ನೌಕರಿ ಎಲ್ಲಾರಿಗೂ ಅದನಪಾ. ನಿನಗಷ್ಟೇ ಅಲ್ಲ."

ಕೆಳಗೆ ಬನ್ನಿ ಗಿಡದ ನೆರಳಲ್ಲಿ ಜಮಖಾನ ಹಾಸಿ ಇಬ್ಬರು ಊಟಕ್ಕೆ ಕೂತಿದ್ದರು. ಒಬ್ಬ ಮಲ್ಲಿಕಾಳ ತಂದೆ ಸಾಯಬಣ್ಣ. ಸಕ್ಕರೆ ಕಾಯಿಲೆಯವನಾದ್ದರಿಂದ ಉಳಿದವರು ಚರಗ ಚೆಲ್ಲಿ ಬರುವವರೆಗೆ ಕಾಯುವಂತಿರಲಿಲ್ಲ. ಅವನ ಎದುರಿಗೆ, ಅವನು ಒಬ್ಬನೇ ಉಣ್ಣಬಾರದೆಂದು ಕಾಲು ಚಾಚಿ ಕೂತವಳು ಅವನ ಅಕ್ಕ ಲಲಿತಾಬಾಯಿ, ಇದೇ ತಾಲ್ಲೂಕಿನ ಮಹಾಗಾಂವಕ್ಕೆ ಕೊಟ್ಟ ಹೆಣ್ಣುಮಗಳು. ಅರವತ್ತೆಂಟು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ, ಆದರೂ ಪ್ರತಿ ಎಳ್ಳ ಅಮಾವಾಸ್ಯೆಗೆ ತವರಿನ ಹೊಲಕ್ಕೆ ಬಂದು ಭಜ್ಜಿಗೆ ತಾನೇ ಕೈ ಹಾಕದಿದ್ದರೆ ಸಮಾಧಾನವಿಲ್ಲ. ಇಬ್ಬರೂ ರೊಟ್ಟಿ ಮುರಿಯುತ್ತಿದ್ದರು, ಟ್ರಾಲಿಯ ಮೇಲಿನ ಮಾತಿಗೆ ಕಿವಿ ಕೊಟ್ಟುಕೊಂಡೇ.

"ಯಾರು? ಬರದವರಾ?... ಬ್ಯಾಡ, ಹೆಸರು ಹೇಳಬ್ಯಾಡ. ಸುಮಂತ, ಹೆಸರು ಹೇಳಿದ್ರ ಫೋನ್ ಇಡ್ತೀನಿ... ದೊಡ್ಡವರು ಅಂದ್ಯಲ್ಲ, ಅಷ್ಟ ಸಾಕು. ನಾ ಓದಿದ್ದು ಹಾಳಿ, ಬರದವರ ಮಾರಿ ಅಲ್ಲ. ಸಣ್ಣವರು ಬರದಿದ್ರೂ ಇದೇ ಬರೀತಿದ್ದೆ. ದೊಡ್ಡವರ ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನಾಕ ನಾ ತಯಾರಿಲ್ಲ... ಏನು ಆಗ್ತದ?... ನನ್ನ ನೌಕರಿ ಆಯ್ಕೆ ಸಮಿತಿಯಾಗ ಅವರೇ ಕುಂದರ್ತಾರ? ಕುಂದರಲಿ."

...

"ನನ್ನ ಲೇಖನ? ಅದಕ್ಕೂ ಇದಕ್ಕೂ ಏನು ಸಂಬಂಧ?... ಈ ಸಂಚಿಕ್ಯಾಗ ಬರ್ತದಂತ ನಿಮ್ಮ ಪತ್ರ ಬಂದು ಎರಡು ತಿಂಗಳಾತಲ್ಲೋ... ಜಾಗ ಸಾಲಂಗಿಲ್ಲ? ... ಹಾಂ. ಹಾಂ. ತಿಳೀತು."

ಮಲ್ಲಿಕಾ ಸೌಟನ್ನು ಟ್ರಾಲಿಯ ಅಂಚಿಗೆ ಒರಗಿಸಿಟ್ಟಳು. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಹೆಂಗಸರಿಗೆ ಸಿಗಬೇಕಾದ ಜೀವನಾಂಶದ ಆದೇಶಗಳು ಕಾಗದದಲ್ಲೇ ಹೇಗೆ ಸಾಯುತ್ತವೆ ಎಂದು ತಿಳಿಯಲು ಮೂರು ವರ್ಷ ಕೋರ್ಟಿನ ಪಡಸಾಲೆಗಳಲ್ಲಿ ಕೂತು ಬರೆದ ಲೇಖನ ಅದು. ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳಿದ ಮೇಲೆ ಮೊದಲ ಸಲ ಕಾಯಂ ಹುದ್ದೆಗೆ ಕರೆ ಬಂದಿತ್ತು. ಜನವರಿ ಹತ್ತರೊಳಗೆ ಅರ್ಜಿ ಹೋಗಬೇಕು, ಅರ್ಜಿಯ ಜೊತೆ ಇಂಥ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಒಂದಾದರೂ ಇರಬೇಕು. ಅವಳ ಬಳಿ ಇದ್ದುದು ಅದೊಂದೇ. ಒಂದು ಸಹಿ ಹಾಕಿದರೆ ಲೇಖನ ಬರುತ್ತದೆ, ಹಾಕದಿದ್ದರೆ ಹುದ್ದೆ ಇನ್ನೊಬ್ಬರ ಪಾಲು.

"ಹಲೋ... ಇದ್ದೀನಿ, ಕೇಳಾಕತ್ತೀನಿ... ಇಲ್ಲ, ವಿಚಾರ ಮಾಡಾಕ ಟೈಮ್ ಬ್ಯಾಡ. ಮಾಡೀನಿ. ನನ್ನ ಲೇಖನ ತಗದು ಹಾಕ್ರಿ."

...

"ಖರೇನೇ ಹೇಳಾಕತ್ತೀನಿ. ತಗದು ಹಾಕ್ರಿ. ಅದು ಇನ್ನೊಂದು ಕಡಿ ಬರ್ತದ. ಈ ವರ್ಷ ಅಲ್ಲಂದ್ರ ಮುಂದಿನ ವರ್ಷ. ಹನ್ನೊಂದು ವರ್ಷ ಅತಿಥಿ ಆಗಿ ಕುಂತಾಕಿ, ಹನ್ನೆರಡನೇದ್ದೂ ಕುಂದರ್ತೀನಿ. ಆದ್ರ ಈ ವರದಿ ಬದಲಾಗಂಗಿಲ್ಲ. ಒಂದು ಅಕ್ಷರ ಬದಲಾಗಂಗಿಲ್ಲ... ಹಟ ಅನ್ನು, ಸೊಕ್ಕು ಅನ್ನು, ಏನಾರ ಅನ್ನು."

...

"ಯಾರಿಗೆ ತೊಂದರಿ ಅಂತ ಕೇಳ್ತಿ? ನೀ ವಕೀಲಿ ಓದಿಲ್ಲೇನು? ನಾಳಿ ಒಬ್ಬಾಕಿ ಕೋರ್ಟಿಗಿ ಹೋಗಿ, ನನ್ನ ಮಾತ ಕೇಳದೆ ಸಹಿ ಮಾಡಿಸಿಕೊಂಡಾರ ಸಾಹೇಬ್ರ ಅಂತಾಳ. ಎದುರಿನ ವಕೀಲ ನಿಮ್ಮ ಪತ್ರಿಕೆ ಎತ್ತಿ ತೋರಸ್ತಾನ. ನೋಡ್ರಿ ಸ್ವಾಮಿ, ಕಮಲಾಪುರದ ಹೆಣ್ಮಕ್ಕಳು ಖುಷಿಲೆ ಬಿಟ್ಟುಕೊಡತಾರ, ಸಂಶೋಧನಾ ಆಗ್ಯಾದ ಅಂತಾನ. ಮುಖಪುಟದ ಮ್ಯಾಲ ಏನು ಬರದಿರ್ತದ? 'ತಜ್ಞರಿಂದ ಪರಿಶೀಲಿತ.' ಆ ತಜ್ಞರು ಯಾರು? ನಾ. ಹೆಸರು ಇಲ್ಲದಿದ್ರ ಏನಾತು, ಆ ಅಕ್ಷರದಾಗ ಕುಂತಾಕಿ ನಾ."

...

"ಏನು? ಸ್ವಂತ ಹಿತಾಸಕ್ತಿ?... ಯಾರು ಅಂದ್ರು, ಪ್ರಧಾನ ಸಂಪಾದಕರಾ? ಆಕಿ ಅದೇ ಊರಾಕಿ, ಆಕಿಗಿ ಇದರಾಗ ಸ್ವಂತ ಹಿತ ಅದ ಅಂದ್ರಾ?"

ಮಲ್ಲಿಕಾ ಒಮ್ಮೆ ಕೆಳಗೆ ನೋಡಿದಳು. ಸಾಯಬಣ್ಣ ತಲೆ ತಗ್ಗಿಸಿ ಉಣ್ಣುತ್ತಿದ್ದ. ಲಲಿತಾಬಾಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ವರದಿಯ ಜೊತೆ ಪ್ರತ್ಯೇಕ ಹಾಳೆಯಲ್ಲಿ ಬರೆದು ಕಳಿಸಿದ್ದನ್ನು ಈ ಇಬ್ಬರಿಗೆ ಅವಳು ಹೇಳಿರಲಿಲ್ಲ. ದನಿ ತಗ್ಗಿಸಬಹುದಾಗಿತ್ತು. ತಗ್ಗಿಸಲಿಲ್ಲ.

"ಅದ. ಹಿತ ಅದ. ಕೂಡಿಸಿದ ಹಾಳ್ಯಾಗ ಬರದೀನಿ, ಅದನ್ನೂ ಓದಿಲ್ಲ ಅವರು. ಲೇಖನದ ಕೋಷ್ಟಕದಾಗ ನಲವತ್ತೊಂದನೇ ಸಾಲು ತಗಿ. ಹೆಸರಿಲ್ಲ, ಆದ್ರ ನೋಂದಣಿ ನಂಬರು ಹಾಕ್ಯಾರ. ಆ ಪತ್ರದ ನಕಲು ನಮ್ಮ ಟ್ರಂಕಿನಾಗ ಅದ. ಆ ಹೆಣ್ಮಗಳು ನಮ್ಮತ್ತಿ, ಲಲಿತಾಬಾಯಿ. ಆಕಿ ಬಿಟ್ಟುಕೊಟ್ಟದ್ದು ನಮ್ಮಪ್ಪಗ. ನಾ ಈಗ ನಿಂತ ಹೊಲ ಅದು... ಹಾಂ, ಇದೇ. ಈಗ ನೀನೇ ಹೇಳು, ಆ ಲೇಖನ ಖರೆ ಅಂದ್ರ ಯಾರಿಗೆ ಛಲೋ? ನಮಗೇ. ನಮ್ಮ ಹೊಲ ಹಾಲಿನಂಗ ಶುದ್ಧ ಆಗ್ತದ. ನಾ ಅದನ್ನ ಸುಳ್ಳು ಅನ್ನಾಕತ್ತೀನಿ. ಇದು ಎಂಥಾ ಹಿತಾಸಕ್ತಿನೋ?"

...

"ಇನ್ನೂ ಒಂದು ಅದ. ಕೇಳು. ಆ ಪತ್ರದ ಕರಡು ಬರದಾಕಿ ನಾನೇ. ಮನ್ಯಾಗ ಕಾನೂನು ಓದಿದಾಕಿ ನಾ ಒಬ್ಬಾಕಿ ಅಲ್ಲಾ? ಆ ವರ್ಷ ನಾಗರ ಪಂಚಮಿಗಿ ಅತ್ತಿ ಬಂದಿದ್ದಳು. ಸೀರಿ ಉಡಿಸಿ, ಉಡಿ ತುಂಬಿ, ಮರದಿನ ನೋಂದಣಿ ಕಚೇರಿಗಿ ಕರಕೊಂಡು ಹೋದ್ವಿ. 'ಸ್ವಇಚ್ಛೆಯಿಂದ, ಸಂತೋಷದಿಂದ' ಅಂತ ಟೈಪ್ ಮಾಡಿದಾಕಿ ನಾ. ಆಕಿನ ಕೇಳಿರಲಿಲ್ಲ. ಎಲ್ಲಾರೂ ಹಂಗೇ ಬರೀತಾರ, ನಾನೂ ಬರದೆ. ಅದೇ ಎರಡು ಶಬ್ದ ಈ ಲೇಖನದಾಗ ಅರವತ್ನಾಕು ಸಲ ಬಂದಾವ. ಒಂದು ಸಲ ಬರದೀನಿ, ಸುಮಂತ. ಎರಡನೇ ಸಲ ನನ್ನ ಕೈಲೆ ಆಗಂಗಿಲ್ಲ."

ರೊಟ್ಟಿ ಮುರಿಯುವ ಸಪ್ಪಳ ನಿಂತಿತ್ತು. ತೊಗರಿಯ ಆ ತುದಿಯಿಂದ ಚರಗ ಚೆಲ್ಲುವವರ ಕೂಗು ಕೇಳುತ್ತಿತ್ತು.

"ಮಲ್ಲಿಕಾ," ಎಂದಳು ಲಲಿತಾಬಾಯಿ ಕೆಳಗಿನಿಂದ. "ನನ್ನ ಹೆಸರ ಯಾಕ ತಗೊಂಡಿ? ಏನು ಬರದಾರ ನನ್ನ ಮ್ಯಾಲ?"

"ತಡಿ ಸುಮಂತ, ಇಡಬ್ಯಾಡ... ಅತ್ತಿ, ಒಂದು ಪುಸ್ತಕದಾಗ ಅಚ್ಚು ಹಾಕೋರು ಇದ್ದಾರ. ನೀ ಹಿಂಗ ಹೇಳಿದಿ ಅಂತ. 'ತಮ್ಮನ ಮೇಲಿನ ಪ್ರೀತಿಯಿಂದ ಸಂತೋಷವಾಗಿ ಬಿಟ್ಟುಕೊಟ್ಟೆ, ಯಾರ ಒತ್ತಾಯವೂ ಇರಲಿಲ್ಲ.' ಹೋದ ವರ್ಷ ಎಳ್ಳ ಅಮಾಸಿ ದಿನ, ಮಹಾಗಾಂವದ ನಿನ್ನ ಅಡಗಿ ಮನ್ಯಾಗ ಕುಂತು ಹೇಳಿದಿ ಅಂತ."

"ಹೋದ ಎಳ್ಳ ಅಮಾಸಿಗಿ ನಾ ಇಲ್ಲೇ ಇದ್ದೆ. ಪುಂಡಿಪಲ್ಯಾ ಸೋಸಿದಾಕಿ ನಾನು."

"ಗೊತ್ತದ ಅತ್ತಿ."

"ಅಕ್ಕಾ," ಎಂದ ಸಾಯಬಣ್ಣ, ತಾಟಿನಿಂದ ಕಣ್ಣೆತ್ತದೆ. "ರೊಟ್ಟಿ ಆರಾಕತ್ಯಾವ. ಉಣ್ಣು."

"ಆರ್ಲಿ," ಎಂದಳು ಲಲಿತಾಬಾಯಿ. ಸೆರಗಿಗೆ ಕೈ ಒರೆಸಿಕೊಂಡು ಮೇಲಕ್ಕೆ ಚಾಚಿದಳು. "ಕೊಡು ಆ ಫೋನ್ ಇಲ್ಲಿ."

ಟ್ರಾಲಿ ಹತ್ತುವುದು ಆ ಮೊಣಕಾಲಿಗೆ ಆಗುವ ಮಾತಲ್ಲ. ಫೋನೇ ಕೆಳಗಿಳಿಯಬೇಕು, ಇಳಿದರೆ ಸಿಗ್ನಲ್ ಎಷ್ಟು ಹೊತ್ತು ನಿಂತೀತೋ ದೇವರೇ ಬಲ್ಲ. ಮಲ್ಲಿಕಾ ಇಳಿಯುವ ಮೊದಲು ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ಸುಮಂತ, ಕೇಳಸ್ತದ ಏನು?... ನಾಳಿಗಿ ಇದೇ ವರದಿ ನಿಮ್ಮ ಸಂಪಾದಕ ಮಂಡಳಿ ಏಳು ಮಂದಿಗೂ ಕಳಸ್ತೀನಿ. ಲೇಖನದ ಹಾಳಿ ಅಲ್ಲ, ನನ್ನ ವರದಿ ಅಷ್ಟೇ, ನನ್ನ ಸಹಿ ಮಾಡಿ. ನೀ ಆ ತಾರೀಖು ಮೊದಲೇ ನೋಡಿದ್ದಿ ಅಂತ ಬರಿಯಂಗಿಲ್ಲ, ಅಂಜಬ್ಯಾಡ. ಅದನ್ನ ನೀನೇ ಬರಿ, ಮನಸ್ಸಾದ್ರ... ಸಿಟ್ಟಿಲ್ಲೋ ನಿನ್ನ ಮ್ಯಾಲ. ಇತ್ತು, ಈಗ ಇಲ್ಲ. ಈಗ ಲೇಖನದಾಗಿನ ಒಬ್ಬರು ನಿನ್ನ ಜೋಡಿ ಮಾತಾಡ್ತಾರಂತ. ನಲವತ್ತೊಂದನೇ ಸಾಲು. ನಿಮ್ಮ ಲೇಖಕರಿಗೆ ಮನ್ಯಾಗ ಸಿಕ್ಕಿರಲಿಲ್ಲ, ನಿನಗ ಹೊಲದಾಗ ಸಿಕ್ಕಾರ. ಬರಕೊಳ್ಳಾಕ ಪೆನ್ ಅದ ಏನು?"

ಅವಳು ಟ್ರಾಲಿಯಿಂದ ಇಳಿದು ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. ಲಲಿತಾಬಾಯಿ ಅದನ್ನು ಕಸಿದುಕೊಂಡು ತಾನೇ ಹಿಡಿದುಕೊಂಡಳು.

"ಹಲೋ... ಹಾಂ, ಯಾರಪಾ? ಬ್ರಹ್ಮಪುರದ ಹುಡುಗ ಅಲ್ಲ ನೀ, ಎರಡ ಸಲ ಅಂಬಲಿ ಬೇಡಿದಾಂವ?... ಹಾಂ, ಅದೇ ಮುದಕಿ ನಾ. ಇನ್ನಾ ಇದ್ದೀನಿ... ನಿಮ್ಮ ತಾಯಿ ಆರಾಮದಾಳೇನು?... ಇರಲಿ ಇರಲಿ."

...

"ನನ್ನ ಮಾತು ನೀವು ಅಚ್ಚು ಹಾಕೋರಂತ. ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನಗ ಕೇಳಿ ಹಾಕ್ರಿ. ಯಾರೂ ಕೇಳಿಲ್ಲಪಾ ನನಗ. ನೋಂದಣಿ ಸಾಹೇಬ್ರು ಹೆಸರು ಕೇಳಿದ್ರು, ಗಂಡನ ಹೆಸರು ಕೇಳಿದ್ರು, ಹೆಬ್ಬಟ್ಟೋ ಸಹಿನೋ ಅಂತ ಕೇಳಿದ್ರು. ಅಷ್ಟೇ... ಇಲ್ಲ, ನಮ್ಮ ಮಂದಿನೂ ಕೇಳಿಲ್ಲ. ನೀನೇ ಕೇಳು ಈಗ. ಕೇಳಪಾ, ಅಂಜಬ್ಯಾಡ."

ಸಾಯಬಣ್ಣ ಮುರಿದ ರೊಟ್ಟಿಯ ಚೂರನ್ನು ಬಾಯಿಗೂ ಇಡಲಿಲ್ಲ, ತಾಟಿಗೂ ಇಡಲಿಲ್ಲ.

"ಹಾಂ... ಜರಾ ಜೋರಾಗಿ ಅನ್ನು... ಮನಸ್ಸಿಲೆ ಒಪ್ಪಿ ಕೊಟ್ಟಿ ಏನು ಅಂತನಾ?... ಹಾಂ, ಕೇಳಿಸ್ತು."

ಲಲಿತಾಬಾಯಿಯ ಕೆನ್ನೆಯ ಬಳಿ ಫೋನಿನ ಪರದೆ ಒಮ್ಮೆ ಬೆಳಗಿ ಆರಿತು. ಸಂಪರ್ಕ ಕಡಿದಿತ್ತು. ಮಲ್ಲಿಕಾ ಅದನ್ನು ಕಂಡಳು, ಕಂಡೂ ಸುಮ್ಮನಿದ್ದಳು. ಫೋನು ಕಿವಿಗೆ ಹಾಗೇ ಹಿಡಿದುಕೊಂಡು ಲಲಿತಾಬಾಯಿ ತಮ್ಮನ ಕಡೆ ತಿರುಗಿದಳು.

"ಇಲ್ಲಪಾ," ಎಂದಳು. "ಒಪ್ಪಿರಲಿಲ್ಲ. ತವರಿನ ಬಾಗಲ ಮುಚ್ಚತಾರ ಅಂತ ಅಂಜಿಕಿ ಇತ್ತು. ಅದಕ್ಕ ಸಹಿ ಮಾಡೀನಿ. ಬರಕೋ."